ಕೈಲ್ ಪೊಳ್ದಿನ ಲೆಕ್ಕದ ಪುಸ್ತಕ

ನಮ್ಮೂರು ಕೆರೆಬಿಳಚಿ. ಚನ್ನಗಿರಿ ತಾಲ್ಲೂಕಿನಲ್ಲಿ ಸೂಳೆಕೆರೆಯ ನೆರೆಯ ಊರು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಹಾಕಿ ಹಿಂದಿನವರು ಕಟ್ಟಿದ ಕೆರೆ ಅದು. ಶಾಂತಿಸಾಗರ ಎಂಬ ಹೆಸರೂ ಇದೆ. ಸುತ್ತಲಿನ ಗದ್ದೆ ತೋಟಗಳಿಗೆ ಅದರ ನೀರು ಹರಿಯುತ್ತದೆ. ದೂರದ ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ.

ನಾನು ಚಿಕ್ಕವನಿದ್ದಾಗ ಶಾಲೆ ಬಿಟ್ಟ ಕೂಡಲೇ ಪಕ್ಕದ ಕೇರಿಯ ಮೀನುಗಾರ ಚಾಚಾನ ಮನೆಗೆ ಓಡುತ್ತಿದ್ದೆ. ಬೀಸುಬಲೆ ನೀರಿಗೆ ಬಿದ್ದೊಡನೆ ಮುಳುಗಬೇಕಲ್ಲ? ಅದಕ್ಕೆ ಬಲೆಯ ಅಂಚಿನುದ್ದಕ್ಕೂ ಸೀಸದ ಗುಂಡು ಕಟ್ಟುತ್ತಾರೆ. ಚಾಚಾ ಅವನ್ನು ಅಂಗಳದಲ್ಲೇ ಎರಕ ಹೊಯ್ಯುತ್ತಿದ್ದರು. ಕಬ್ಬಿಣದ ಸೌಟಿನಲ್ಲಿ ಹಳೆಯ ಸೀಸದ ಚೂರು ಹಾಕಿ ಒಲೆಯ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ಅದು ಕನ್ನಡಿಯಂತೆ ಹೊಳೆಯುತ್ತ ಕರಗಿ ನಿಲ್ಲುತ್ತಿತ್ತು. ಮಣ್ಣಿನ ಅಚ್ಚಿಗೆ ಹೊಯ್ದರೆ ಆಯಿತು, ಗುಂಡು ತಯಾರು. “ದೂರ ನಿಲ್ಲು ಬೇಟಾ, ಇದರ ಹೊಗೆ ಒಳ್ಳೇದಲ್ಲ” ಎಂದು ಗದರುತ್ತಿದ್ದರು. ಆ ಮಾತು ನಿಜ. ಸೀಸ ಮೈಗೆ ಸೇರಿದರೆ ವಿಷ. ಮಕ್ಕಳಂತೂ ಅದರ ಹತ್ತಿರ ಸುಳಿಯಬಾರದು.

ಇಷ್ಟು ಚಿಕ್ಕ ಸೀಸದ ಗುಂಡು ಮುಂದೊಂದು ದಿನ ನನ್ನ ಎದೆಯಲ್ಲಿ ಐವತ್ತು ವರ್ಷ ಭಾರವಾಗಿ ಕೂರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಆ ಭಾರ ಇಳಿಸಲೆಂದೇ ಕಳೆದ ಸೆಪ್ಟೆಂಬರಿನಲ್ಲಿ ಮೊಮ್ಮಗನನ್ನು ಕರೆದುಕೊಂಡು ಕೊಡಗಿಗೆ ಹೋಗಿ ಬಂದೆ. ಆ ಪ್ರವಾಸದ ಕಥೆ ಇದು.

ಏಳನೇ ಹಲಗೆ, ಎಂಟನೇ ಹಲಗೆ

1973ರ ಮಾತು. ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದೆ, ಎನ್‌ಸಿಸಿಯಲ್ಲಿದ್ದೆ. ನನ್ನ ಕೊಠಡಿಯ ಜೊತೆಗಾರ ಕೊಡಗಿನ ಹುಡುಗ. ಉದ್ದ ಕಾಲು, ಕಡಿಮೆ ಮಾತು. ಡಿಸೆಂಬರ್ ರಜೆಯಲ್ಲಿ ನಮಗೊಂದು ಶಿಬಿರ ನಡೆಯಿತು. ಅಲ್ಲಿ ಪಾಯಿಂಟ್ ಟೂ ಟೂ ರೈಫಲ್‌ನಿಂದ ಗುರಿ ಹೊಡೆಯುವ ಪರೀಕ್ಷೆ. ನೆಲದ ಮೇಲೆ ಬೋರಲು ಮಲಗಿ, 25 ಗಜ ದೂರದ ಹಲಗೆಗೆ ಅಂಟಿಸಿದ ಕಾಗದಕ್ಕೆ ತಲಾ ಐದು ಗುಂಡು ಹೊಡೆಯಬೇಕು. ನನ್ನದು ಏಳನೇ ಹಲಗೆ. ಅವನದು ಎಂಟನೆಯದು.

ನನ್ನ ಮೊದಲ ಎರಡು ಗುಂಡು ಹಲಗೆಯ ಕೆಳಗಿನ ಮಣ್ಣಿಗೆ ಹೋದವು. ಧೂಳು ಎದ್ದದ್ದನ್ನು ನನ್ನ ಕಣ್ಣಾರೆ ನೋಡಿದೆ. ಉಳಿದ ಮೂರು ಅಲ್ಲೊಂದು ಇಲ್ಲೊಂದು ಬಿದ್ದವು. ಆದರೆ ಕಾಗದ ತಂದು ನೋಡಿದಾಗ ನನ್ನದರಲ್ಲಿ ಐದು ತೂತು! ಮೂರು ಚೆಲ್ಲಾಪಿಲ್ಲಿ, ಎರಡು ಸರಿಯಾಗಿ ನಡುವೆ. ಗೆಳೆಯನ ಕಾಗದದಲ್ಲಿ ಮೂರೇ ತೂತು, ಮೂರೂ ಒಂದಕ್ಕೊಂದು ತಾಗಿಕೊಂಡು.

ಏನಾಗಿದೆ ಎಂದು ನನಗೆ ಕೂಡಲೇ ಹೊಳೆಯಿತು. ಅವನು ಮೊದಲ ಎರಡು ಗುಂಡು ತಪ್ಪಿ ನನ್ನ ಹಲಗೆಗೆ ಹೊಡೆದಿದ್ದ. ಆದರೆ ತರಬೇತಿ ಕೊಡುವವರು ನನ್ನ ಬೆನ್ನು ತಟ್ಟಿ, “ಐದಕ್ಕೆ ಐದು, ಶಹಬ್ಬಾಸ್!” ಎಂದರು. ಅವನಿಗೆ, “ಕೊಡಗಿನವನಾಗಿ ಎರಡು ಗುಂಡು ಗಾಳಿಗೆ ಬಿಟ್ಟೆಯಾ?” ಎಂದರು. ಎಲ್ಲರೂ ನಕ್ಕರು. ನಾನು ಬಾಯಿ ಬಿಡಲಿಲ್ಲ.

ಮುಂದಿನ ದೊಡ್ಡ ಶಿಬಿರಕ್ಕೆ ನಮ್ಮಲ್ಲಿ ಒಬ್ಬರನ್ನು ಆರಿಸುವುದಿತ್ತು. ಅವನ ಬದಲು ನನ್ನನ್ನು ಆರಿಸಿದರು. ಹೋದೆ. ಅಲ್ಲಿ ನನ್ನ ಗುರಿ ಎಂಥದ್ದು ಎಂಬುದು ಮೊದಲ ದಿನವೇ ಎಲ್ಲರಿಗೂ ಗೊತ್ತಾಯಿತು. ತಲೆ ತಗ್ಗಿಸಿ ವಾಪಸು ಬಂದೆ. ಗೆಳೆಯ ಏನೂ ಕೇಳಲಿಲ್ಲ. ಕಾಲೇಜು ಮುಗಿಯಿತು. ಅವನು ಕಾಫಿ ತೋಟಕ್ಕೆ ಹೋದ, ನಾನು ಮೇಷ್ಟ್ರಾದೆ. ಮೊದಲ ಒಂದು ವರ್ಷ ನನ್ನ ಕಾಗದಗಳಿಗೆ ಉತ್ತರ ಬರಲಿಲ್ಲ. ಆಮೇಲೆ ಅವನ ಮದುವೆಯ ಕರೆಯೋಲೆ ಬಂತು, ಸ್ನೇಹ ಮತ್ತೆ ಚಿಗುರಿತು. ಕಾಗದ ಹೋಗಿ ಫೋನ್ ಬಂದರೂ ಅದು ನಿಲ್ಲಲಿಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ. ಪರೀಕ್ಷೆಯಲ್ಲಿ ನಕಲು ಹೊಡೆದವರನ್ನು ನಿಲ್ಲಿಸಿ ಬೈಯುವಾಗಲೆಲ್ಲ ಆ ಏಳನೇ ಹಲಗೆ ನೆನಪಾಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ಗೆಳೆಯ ಫೋನ್ ಮಾಡಿ, “ಕಣ್ಣಿನ ಪೊರೆ ತೆಗೆಸಿದ್ದೇನೆ ಮಾರಾಯ. ಈ ಸಲ ಕೈಲ್ ಪೊಳ್ದಿಗೆ ಬಾ. ಇನ್ನೆಷ್ಟು ಸಲ ಕರೆಯುತ್ತೇನೋ” ಎಂದ. ಆ ಕೊನೆಯ ಮಾತು ಮನಸ್ಸಿಗೆ ನಾಟಿತು. ಹೊರಟುಬಿಟ್ಟೆ.

ಕಾವೇರಿ ದಾಟಿ

ಮೊಮ್ಮಗ ಏಳನೇ ತರಗತಿ. ಶಾಲೆಗೆ ರಜಾ ಚೀಟಿ ಬರೆದುಕೊಟ್ಟು ನಸುಕಿನಲ್ಲೇ ಬಸ್ ಹತ್ತಿದೆವು. ಚನ್ನಗಿರಿ, ಬೀರೂರು, ಕಡೂರು, ಅರಸೀಕೆರೆ, ಹಾಸನ. ಬಸ್ಸು ಬದಲಿಸಿದಾಗೊಮ್ಮೆ ಅಜ್ಜಿ ಕಟ್ಟಿಕೊಟ್ಟ ಮಂಡಕ್ಕಿ ಉಸುಲಿಯ ಡಬ್ಬಿ ಹಗುರವಾಗುತ್ತ ಬಂತು. ಅರಕಲಗೂಡು ದಾಟಿದ ಮೇಲೆ ಗಾಳಿಯೇ ಬೇರೆ. ಕೂಡಿಗೆಯಲ್ಲಿ ಹಾರಂಗಿ ಬಂದು ಕಾವೇರಿಯನ್ನು ಸೇರುತ್ತದೆ. ಊರಿನ ಹೆಸರೇ ಹೇಳುವಂತೆ ಅದು ಎರಡು ನೀರು ಕೂಡುವ ಜಾಗ. ಮಳೆಗಾಲದ ಕೊನೆ, ಹೊಳೆ ಕೆಂಪಗೆ ತುಂಬಿತ್ತು.

ವಿರಾಜಪೇಟೆಯ ಕಡೆಯ ಒಂದು ಸಣ್ಣ ಊರು ಗೆಳೆಯನದು. ರಸ್ತೆಯ ಎರಡೂ ಬದಿ ಕಾಫಿ ಗಿಡ, ಅದರ ನೆರಳಿಗೆ ದೊಡ್ಡ ಮರ, ಮರಕ್ಕೆ ಕರಿಮೆಣಸಿನ ಬಳ್ಳಿ. ಕೆಳಗಿನ ಬಯಲಲ್ಲಿ ಆಗಷ್ಟೇ ನಾಟಿ ಮುಗಿದ ಭತ್ತದ ಗದ್ದೆ ಎಳೆ ಹಸಿರು. ಗೆಳೆಯ ಗೇಟಿನಲ್ಲಿ ಕೊಡೆ ಹಿಡಿದು ನಿಂತಿದ್ದ. ಕೂದಲು ಬೆಳ್ಳಗಾಗಿತ್ತು, ಕಾಲು ಈಗಲೂ ಅಷ್ಟೇ ಉದ್ದ.

“ಏನು ಮಾರಾಯ, ಇಷ್ಟು ಕುಳ್ಳಗಾದೆ?” ಎಂದ.

ನಾನು ನಕ್ಕೆ. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಗಂಟಲಲ್ಲೇ ಉಳಿಯಿತು.

ಕೋವಿಗೆ ಹೂವು

ಕೊಡವ ಭಾಷೆಯಲ್ಲಿ ‘ಕೈಲ್’ ಎಂದರೆ ಆಯುಧ, ‘ಪೊಳ್ದ್’ ಎಂದರೆ ಹಬ್ಬ. ಕೈಲ್ ಮುಹೂರ್ತ ಎಂದೂ ಕರೆಯುತ್ತಾರೆ. ಕೊಡಗಿನ ಹೆಚ್ಚಿನ ಊರುಗಳಲ್ಲಿ ಸೆಪ್ಟೆಂಬರ್ 3ರಂದು ಈ ಹಬ್ಬ. ಮಳೆಗಾಲವಿಡೀ ಗದ್ದೆಯ ಕೆಸರಲ್ಲಿ ದುಡಿದು ನಾಟಿ ಮುಗಿಸಿದ ರೈತ ಉಸಿರು ಬಿಡುವ ದಿನ ಅದು. ಗದ್ದೆಯ ಕೆಲಸದಲ್ಲಿ ಮೂಲೆ ಸೇರಿದ್ದ ಕೋವಿ, ಕತ್ತಿಗಳನ್ನು ತೆಗೆದು ಒರೆಸಿ ಪೂಜೆ ಮಾಡುತ್ತಾರೆ. ನಮ್ಮ ಕಡೆ ಮಹಾನವಮಿಗೆ ನೇಗಿಲು, ಕುಡುಗೋಲು, ಟ್ರ್ಯಾಕ್ಟರ್ ತೊಳೆದು ಪೂಜಿಸುತ್ತೇವಲ್ಲ, ಹಾಗೇ.

ಬೆಳಿಗ್ಗೆ ನಾವೆದ್ದಾಗ ಮನೆಯ ನಡುಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅದರ ಮುಂದೆ ಸಾಲಾಗಿ ಕೋವಿಗಳು, ಒಡಿಕತ್ತಿ, ಪೀಚೆಕತ್ತಿ. ಪ್ರತಿ ಕೋವಿಯ ನಳಿಕೆಗೂ ಕೆಂಪು ಹಳದಿ ಬಣ್ಣದ ಒಂದು ಹೂವು. ಬೆಂಕಿಯ ನಾಲಿಗೆಯಂತೆ ಎಸಳು ಮೇಲಕ್ಕೆ ತಿರುಗಿರುತ್ತವೆ. ನಮ್ಮಲ್ಲಿ ಇದನ್ನು ಅಗ್ನಿಶಿಖೆ ಎನ್ನುತ್ತಾರೆ. ಕೊಡವರು ಕರೆಯುವುದು ‘ತೋಕ್ ಪೂ’. ತೋಕ್ ಎಂದರೆ ಕೋವಿ, ಪೂ ಎಂದರೆ ಹೂವು. ನೋಡಲು ಚೆಂದ, ಆದರೆ ಗಿಡವೆಲ್ಲ ವಿಷ, ಗೆಡ್ಡೆಯಂತೂ ಬಹಳ. ಮೊಮ್ಮಗ ಮುಟ್ಟಲು ಹೋದಾಗ ಗೆಳೆಯನ ಹೆಂಡತಿ, “ಮುಟ್ಟಿದರೆ ಕೈ ತೊಳೆದುಕೋ ಮಗಾ” ಎಂದು ಎಚ್ಚರಿಸಿದರು.

ಪೂಜೆಯಾದ ಮೇಲೆ ಮನೆಯ ಹಿರಿಯ ಕೋವಿಯನ್ನು ಎತ್ತಿ ಕಿರಿಯರ ಕೈಗೆ ಕೊಡುತ್ತಾನೆ. ಕೊಡುವಾಗ ಬುದ್ಧಿಮಾತು ಹೇಳುವ ಪದ್ಧತಿ ಇದೆ. ತಾನಾಗಿ ಮೃಗವನ್ನು ಕೆಣಕಬೇಡ, ಗೆಳೆಯನ ಕೈ ಬಿಡಬೇಡ ಎಂಬ ಅರ್ಥದ ಮಾತುಗಳು. ಗೆಳೆಯ ತನ್ನ ಮಗನಿಗೆ ಕೋವಿ ಕೊಟ್ಟು ಕೊಡವ ಮಾತಿನಲ್ಲಿ ಅದನ್ನು ಹೇಳಿ, ನಮಗಾಗಿ ಕನ್ನಡದಲ್ಲೂ ಹೇಳಿದ. ಎರಡನೇ ಮಾತು ಕೇಳಿದಾಗ ನಾನು ದೀಪದ ಕಡೆ ನೋಡುತ್ತ ಕುಳಿತೆ.

ಕೊಡವರ ಮನೆಯಲ್ಲಿ ಕೋವಿ ಹುಟ್ಟಿನಿಂದ ಸಾವಿನವರೆಗೆ ಜೊತೆಗಿರುತ್ತದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು ಹಳೆಯ ರೂಢಿ. ಮನೆಯಲ್ಲಿ ಸಾವಾದರೆ ಒಂದರ ಹಿಂದೊಂದು ಎರಡು ಗುಂಡು. ಆ ಸದ್ದು ಕೇಳಿದವರು ಕೆಲಸ ಬಿಟ್ಟು ಹೊರಡುತ್ತಾರೆ. ಸುಗ್ಗಿಯ ಪುತ್ತರಿ ಹಬ್ಬದಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಗುಂಡು ಹಾರುತ್ತದೆ.

“ಇಷ್ಟೊಂದು ಕೋವಿಗೆ ಲೈಸೆನ್ಸ್ ಬೇಡವಾ ಅಜ್ಜ?” ಎಂದು ಮೊಮ್ಮಗ ಕೇಳಿದ. ಸರಿಯಾದ ಪ್ರಶ್ನೆಯೇ. ಭಾರತದಲ್ಲಿ ಬಂದೂಕು ಇಟ್ಟುಕೊಳ್ಳಲು ಪರವಾನಗಿ ಬೇಕು. ಆದರೆ ಬ್ರಿಟಿಷರ ಕಾಲದಲ್ಲಿ, 1861ರಲ್ಲಿ, ಕೊಡವರಿಗೆ ಈ ನಿಯಮದಿಂದ ವಿನಾಯಿತಿ ಸಿಕ್ಕಿತು. ಕೊಡವರು ಮತ್ತು ಜಮ್ಮಾ ಭೂಮಿ ಹೊಂದಿದವರಿಗೆ ಕೆಲವು ಬಗೆಯ ಕೋವಿಗಳ ಮಟ್ಟಿಗೆ ಅದು ಇಂದಿಗೂ ಮುಂದುವರಿದಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಇನ್ನೂ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿ ಬಂದಾಗ ಕರ್ನಾಟಕ ಹೈಕೋರ್ಟ್ 2021ರಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ಹನ್ನೆರಡು ಗುಂಡಿಗೆ ಒಂದು ಪೌಂಡ್

ತಿಂಡಿಗೆ ಕಡಂಬಿಟ್ಟು. ಅಕ್ಕಿ ತರಿಯ ಬಿಳಿ ಉಂಡೆ. ಅವರಿಗೆಲ್ಲ ಅದರ ಜೊತೆ ಪಂದಿ ಕರಿ. ನಮಗಾಗಿ ಆ ತಾಯಿ ಬೇರೆ ಒಲೆಯಲ್ಲಿ ಕಳಲೆ ಪಲ್ಯ, ಅಣಬೆ ಸಾರು ಮಾಡಿದ್ದರು. ಮೊಮ್ಮಗ ಎಣಿಸದೆ ತಿಂದ.

ಹೊರಗೆ ಮಳೆ ಜಿಟಿಜಿಟಿ. ಗೆಳೆಯ ಒಂದು ಹಳೆಯ ಮರದ ಪೆಟ್ಟಿಗೆ ತಂದು ಇಕ್ಕಳದಂಥ ಒಂದು ವಸ್ತು ಹೊರಗೆ ತೆಗೆದ. ಎರಡು ಹಿಡಿ, ತುದಿಯಲ್ಲಿ ಅರ್ಧರ್ಧ ಕುಳಿ. ಎರಡನ್ನೂ ಮುಚ್ಚಿದರೆ ಒಳಗೆ ಗೋಲಿಯಷ್ಟು ದುಂಡನೆಯ ಜಾಗ. ಅವನ ಮುತ್ತಜ್ಜ ಕೇಪಿನ ಕೋವಿಗೆ ಸೀಸದ ಗುಂಡು ಎರಕ ಹೊಯ್ಯುತ್ತಿದ್ದ ಅಚ್ಚು ಅದು. ಆ ಕಾಲದ ಕೋವಿಗೆ ಈಗಿನಂತೆ ತೋಟಾ ಇರಲಿಲ್ಲ. ನಳಿಕೆಯ ಬಾಯಿಂದಲೇ ಮದ್ದು ಸುರಿದು, ಗುಂಡು ಹಾಕಿ, ಕೋಲಿನಿಂದ ಗಿಡಿಯಬೇಕಿತ್ತು. ಈಗ ಆ ಅಚ್ಚನ್ನು ಯಾರೂ ಬಳಸುವುದಿಲ್ಲ. ಹಬ್ಬದ ದಿನ ಎಣ್ಣೆ ಒರೆಸಿ ಒಳಗಿಡುತ್ತಾರೆ.

“ಸೀಸವೇ ಯಾಕೆ?” ಎಂದ ಮೊಮ್ಮಗ. ಮೇಷ್ಟ್ರಾದ ನನಗೆ ಇಷ್ಟು ಸಾಕಿತ್ತು. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಡಿಗೆಮನೆಯ ಸೌದೆ ಒಲೆಯೇ ಸಾಕು. ಕಬ್ಬಿಣಕ್ಕೆ 1,500 ಡಿಗ್ರಿಗೂ ಮೇಲೆ ಬೇಕು. ಮೇಲಾಗಿ ಸೀಸ ಅದೇ ಗಾತ್ರದ ನೀರಿಗಿಂತ ಹನ್ನೊಂದು ಪಟ್ಟು ಭಾರ. ಚಿಕ್ಕದಾದರೂ ಗಾಳಿಯಲ್ಲಿ ದೂರ ಹೋಗುತ್ತದೆ, ನೀರಿನಲ್ಲಿ ಬೇಗ ಮುಳುಗುತ್ತದೆ. ಕೊಡಗಿನ ಮುತ್ತಜ್ಜನಿಗೂ ಕೆರೆಬಿಳಚಿಯ ಚಾಚಾನಿಗೂ ಒಂದೇ ಲೋಹ ಒದಗಿದ್ದು ಅದಕ್ಕೇ.

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ವಾಟ್ಸ್ ಎಂಬಾತ 1782ರಲ್ಲಿ ಇನ್ನೊಂದು ಉಪಾಯ ಕಂಡುಹಿಡಿದ. ಕರಗಿದ ಸೀಸವನ್ನು ತನ್ನ ಮನೆಯ ಮೇಲಿನಿಂದ ಜರಡಿಯ ಮೂಲಕ ಸುರಿದ. ಮಳೆಹನಿಯಂತೆ ಬೀಳುತ್ತ ಬೀಳುತ್ತ ಹನಿಗಳು ತಾವೇ ದುಂಡಗಾಗಿ, ಕೆಳಗಿನ ನೀರಿನ ತೊಟ್ಟಿಯಲ್ಲಿ ಬಿದ್ದು ಗಟ್ಟಿಯಾದವು. ಸಣ್ಣ ಚರೆ ಮಾಡಲು ಅಚ್ಚೇ ಬೇಕಾಗಲಿಲ್ಲ.

ಗೆಳೆಯ ತನ್ನ ಸರದಿಗೆ ಒಂದು ಒಗಟು ಹಾಕಿದ. “ನನ್ನ ಕೋವಿ 12 ಬೋರ್. ಈ 12 ಏನು ಹೇಳು?” ಮೊಮ್ಮಗ ಹನ್ನೆರಡು ಮಿಲಿಮೀಟರ್ ಎಂದ, ಹನ್ನೆರಡು ಗುಂಡು ಎಂದ. ಎರಡೂ ತಪ್ಪು. ಆ ನಳಿಕೆಗೆ ಸರಿಯಾಗಿ ಹಿಡಿಸುವ ಸೀಸದ ದುಂಡು ಗುಂಡು ಹನ್ನೆರಡು ಎರಕ ಹೊಯ್ದು ತೂಗಿದರೆ ಒಂದು ಪೌಂಡ್, ಸುಮಾರು 454 ಗ್ರಾಂ. ಅದಕ್ಕೇ 12 ಬೋರ್. 16 ಬೋರ್ ಎಂದರೆ ಹದಿನಾರು ಗುಂಡಿಗೆ ಒಂದು ಪೌಂಡ್. ಆದ್ದರಿಂದ ಸಂಖ್ಯೆ ದೊಡ್ಡದಾದರೆ ನಳಿಕೆ ಚಿಕ್ಕದು. ಎರಕದ ಗುಂಡು ಮನೆಯಿಂದ ಹೋದರೂ ಅದರ ಲೆಕ್ಕ ಕೋವಿಯ ಹೆಸರಲ್ಲೇ ಉಳಿದಿದೆ. ಅಮೆರಿಕದಲ್ಲಿ ಇಂದಿಗೂ ತಮ್ಮ ಗುಂಡನ್ನು ತಾವೇ ಎರಕ ಹೊಯ್ಯುವ ಹವ್ಯಾಸಿಗಳಿದ್ದಾರಂತೆ. ‘ಕಾಸ್ಟ್ ಬುಲೆಟ್ ಅಸೋಸಿಯೇಷನ್’ ಎಂದು ಸಂಘ ಕಟ್ಟಿಕೊಂಡು ವರ್ಷಕ್ಕೊಮ್ಮೆ ಸೇರಿ ಕಾಗದದ ಗುರಿಗೆ ಹೊಡೆಯುತ್ತಾರೆ.

ನಾನು ಚೀಲದಿಂದ ಒಂದು ಪೊಟ್ಟಣ ತೆಗೆದು ಗೆಳೆಯನ ಕೈಗಿಟ್ಟೆ. ಚಾಚಾನ ಮಗ ಕೊಟ್ಟ, ಹಳೆಯ ಬಲೆಯ ಒಂದು ಸೀಸದ ಗುಂಡು. ಅವನು ಅಂಗೈಯಲ್ಲಿಟ್ಟು ತೂಗಿದ. ಈಗ ಹೇಳದಿದ್ದರೆ ಇನ್ನೆಂದೂ ಇಲ್ಲ ಎನಿಸಿತು.

“ಶಿಬಿರದಲ್ಲಿ ನನ್ನ ಹಲಗೆಯ ನಡುವಿನ ಎರಡು ತೂತು ನಿನ್ನವು” ಎಂದೆ. “ಅವತ್ತೇ ನನಗೆ ಗೊತ್ತಿತ್ತು. ನಾನು ಹೇಳಲಿಲ್ಲ.”

ಅವನು ಗುಂಡನ್ನು ನೋಡುತ್ತಲೇ ಇದ್ದ. ಮೊಮ್ಮಗ ನನ್ನ ಮುಖ ನೋಡಿದ.

“ನನಗೂ ಅವತ್ತೇ ಗೊತ್ತಿತ್ತು” ಎಂದ ಗೆಳೆಯ. “ಮೂರನೇ ಗುಂಡಿಗೆ ನಂಬರ್ ನೋಡಿದೆ. ಎದೆ ಧಸಕ್ ಅಂತು.”

“ಮತ್ತೆ ಯಾಕೆ ಸುಮ್ಮನಿದ್ದೆ?”

“ಪಕ್ಕದವನ ಹಲಗೆಗೆ ಹೊಡೆದೆ ಅಂತ ಕೊಡಗಿನವನು ಅಷ್ಟು ಜನರ ಮುಂದೆ ಹೇಗೆ ಹೇಳುವುದು ಮಾರಾಯ? ಅಪ್ಪನಿಗೆ ತಿಳಿದಿದ್ದರೆ ಮನೆಗೇ ಸೇರಿಸುತ್ತಿರಲಿಲ್ಲ. ಗಾಳಿಗೆ ಹೋಯಿತು ಅಂದುಕೊಳ್ಳಲಿ ಅಂತ ಬಿಟ್ಟೆ.” ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಹೇಳಿದ. “ಆದರೆ ನೀನಾದರೂ ಬಂದು ಹೇಳುತ್ತೀಯೇನೋ ಅಂತ ಒಂದು ವರ್ಷ ಕಾದೆ. ನಿನ್ನ ಕಾಗದ ಬಂದಾಗಲೆಲ್ಲ ಒಡೆದು ನೋಡುವುದು, ಅದರಲ್ಲಿ ಆ ಮಾತು ಇರುತ್ತಿರಲಿಲ್ಲ.”

ಉತ್ತರ ಬಾರದ ಆ ಒಂದು ವರ್ಷದ ಕಾರಣ ನನಗೆ ಈಗ ತಿಳಿಯಿತು. ಹೇಳಲು ಏನೂ ತೋಚಲಿಲ್ಲ. ಅಷ್ಟರಲ್ಲಿ ಮಳೆ ನಿಂತಿತು. ಅವನು ಎದ್ದು ಕೋವಿ ಹೆಗಲಿಗೇರಿಸಿ, “ನಡಿ, ಮೈದಾನಕ್ಕೆ. ನಿನಗೆ ದಂಡ ಇದೆ” ಎಂದ.

ಮರದ ಮೇಲಿನ ತೆಂಗಿನಕಾಯಿ

ಊರಿನ ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ಅಂಚಿನ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಹಿಂದೆ ಏರುಗುಡ್ಡ, ಆ ಕಡೆ ಯಾರೂ ಹೋಗದಂತೆ ಹಗ್ಗ. ಕೈಲ್ ಪೊಳ್ದಿನ ದಿನ ಕೊಡಗಿನ ಊರೂರಲ್ಲಿ ಈ ಸ್ಪರ್ಧೆ ಇರುತ್ತದೆ. ಗುಂಡು ತಗಲಿ ಕಾಯಿ ಒಡೆದರೆ ಗೆದ್ದಂತೆ.

ಸದ್ದಿಗಿಂತ ಮೊದಲು ನಾನು ಗಮನಿಸಿದ್ದು ಅಲ್ಲಿನ ಶಿಸ್ತು. ಸರದಿ ಬರುವವರೆಗೆ ಯಾರ ಕೋವಿಯಲ್ಲೂ ತೋಟಾ ಇಲ್ಲ. ಕೋವಿಯನ್ನು ಬಾಗಿಸಿ ತೆರೆದೇ ಹಿಡಿದಿರಬೇಕು, ನೋಡಿದವರಿಗೆಲ್ಲ ಖಾಲಿ ಎಂದು ಕಾಣಬೇಕು. ನಳಿಕೆ ಜನರ ಕಡೆ ತಿರುಗಿದರೆ, ಎಷ್ಟೇ ದೊಡ್ಡವನಾಗಲಿ, ಪಕ್ಕದವನು ಕೈ ಹಾಕಿ ತಗ್ಗಿಸುತ್ತಾನೆ. ಬೇಸರ ಮಾಡಿಕೊಳ್ಳುವಂತಿಲ್ಲ. ಒಬ್ಬರನ್ನೊಬ್ಬರು ನಂಬದ ಕಡೆ ಹೀಗೆ ಸೇರಿ ಆಡಲು ಆಗುವುದಿಲ್ಲ.

ಗೆಳೆಯ ಮೈಕು ಹಿಡಿದು ಶಿಬಿರದ ಕಥೆಯನ್ನು ಇಡೀ ಊರಿಗೇ ಹೇಳಿಬಿಟ್ಟ. ತನ್ನ ತಪ್ಪನ್ನೂ ಬಿಡಲಿಲ್ಲ. “ಐವತ್ತು ವರ್ಷ ಇಬ್ಬರೂ ಲೆಕ್ಕ ಮುಚ್ಚಿಟ್ಟಿದ್ದೇವೆ. ಆದ್ದರಿಂದ ಇವತ್ತು ಲೆಕ್ಕ ಬರೆಯುವವನು ಇವನು. ಕಾಯಿ ಕಟ್ಟುವವನು ನಾನು” ಎಂದ. ಮೈದಾನವೆಲ್ಲ ನಕ್ಕಿತು. ಅಷ್ಟೊಂದು ಜನ ನಗುವಾಗ ನನ್ನ ಮುಖ ಬಿಸಿಯಾಯಿತು, ಎದೆ ಮಾತ್ರ ಹಗುರಾಯಿತು. ಯಾರೋ ಒಂದು ಪುಸ್ತಕ, ಪೆನ್ನು ತಂದುಕೊಟ್ಟರು. ಇನ್ನೊಬ್ಬರು ಕುರ್ಚಿ ಹಾಕಿ ಕೊಡೆ ಹಿಡಿದರು. “ಮೇಷ್ಟ್ರೇ, ನನ್ನ ಹೆಸರು ಸರಿಯಾಗಿ ಬರೀರಿ” ಎಂದು ಒಬ್ಬೊಬ್ಬರೇ ಬಂದು ಪರಿಚಯ ಹೇಳಿಕೊಂಡರು.

ಗಂಡಸರು ಹೊಡೆದರು, ಹೆಂಗಸರೂ ಹೊಡೆದರು. ಸೈನ್ಯದಿಂದ ನಿವೃತ್ತರಾದವರು ಮೂವರಿದ್ದರು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಹುಟ್ಟಿದ ನಾಡಲ್ಲಿ ಅದೇನೂ ಆಶ್ಚರ್ಯವಲ್ಲ. ಅವರಲ್ಲಿ ಒಬ್ಬರಿಗೂ ಕಾಯಿ ಒಡೆಯಲಿಲ್ಲ. ಆ ವರ್ಷ ಮದುವೆಯಾಗಿ ಬಂದ ಸೊಸೆಯೊಬ್ಬಳು ಮೊದಲ ಗುಂಡಿಗೇ ಒಡೆದಳು. ಎಳನೀರು ಚಿಮ್ಮಿತು. ಮೊದಲು ಚಪ್ಪಾಳೆ ತಟ್ಟಿದವರು ಆ ಮೂವರು ಸೈನಿಕರೇ. ತಪ್ಪಿದವರ ಬೆನ್ನು ತಟ್ಟಲೂ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು.

ಕೊನೆಗೆ ಗೆಳೆಯನ ಸರದಿ. ಹೊಸ ಕಣ್ಣು, ಹಳೆಯ ಕೋವಿ. ಮೈದಾನ ನಿಶ್ಶಬ್ದವಾಯಿತು. ಢಂ! ಎಲೆಗಳು ಉದುರಿದವು, ಕಾಯಿ ಅಲುಗಲಿಲ್ಲ. ನನ್ನ ಪೆನ್ನು ಪುಸ್ತಕದ ಮೇಲೆ ನಿಂತಿತು.

ಅವನು ನನ್ನತ್ತ ತಿರುಗಿ ಕೂಗಿದ. “ಬರೆ ಮಾರಾಯ! ಸೊನ್ನೆ ಬರೆ!”

ದುಂಡಗೆ ಬರೆದೆ.

ಆರನೇ ತೂತು

ಮಧ್ಯಾಹ್ನ ಮಕ್ಕಳಿಗೆ ಏರ್‌ಗನ್ ಸ್ಪರ್ಧೆ. ಇದರಲ್ಲಿ ಮದ್ದು ಇಲ್ಲ. ಒತ್ತಿದ ಗಾಳಿಯ ಬಲದಿಂದ ಅರ್ಧ ಗ್ರಾಂನಷ್ಟು ಸೀಸದ ಗುಂಡು ಹೋಗುತ್ತದೆ. ಅಭಿನವ್ ಬಿಂದ್ರಾ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ಆ ಗುರಿಕಾಗದದ ನಟ್ಟನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. ನಿಮ್ಮ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಟ್ಟು ಹತ್ತು ದೊಡ್ಡ ಹೆಜ್ಜೆ ಹಿಂದೆ ಸರಿದು ನೋಡಿ, ಕಂಡರೆ ಹೇಳಿ!

ಮೈದಾನದ ಕಾಗದಗಳಲ್ಲಿ ಅಷ್ಟು ಕಷ್ಟ ಇರಲಿಲ್ಲ. ಒಬ್ಬೊಬ್ಬ ಮಗುವಿನ ಬೆನ್ನಿಗೂ ಒಬ್ಬ ದೊಡ್ಡವರು ನಿಂತರು. ನನ್ನ ಮೊಮ್ಮಗನಿಗೆ ಗೆಳೆಯನೇ ನಿಂತು, “ಉಸಿರು ಅರ್ಧ ಬಿಡು, ನಿಲ್ಲಿಸು, ಕುದುರೆಯನ್ನು ಎಳೆಯಬೇಡ, ಮೆಲ್ಲಗೆ ಒತ್ತು” ಎಂದು ಹೇಳಿಕೊಟ್ಟ. ಕುದುರೆ ಎಂದಾಗ ಅವನು ಸುತ್ತ ನೋಡಿದ. ಆಮೇಲೆ ಬೆರಳಿಡುವ ಕೊಕ್ಕೆಯನ್ನು ತೋರಿಸಬೇಕಾಯಿತು. ಐದು ಗುಂಡು ಹೊಡೆದಾಯಿತು. ಕಾಗದಗಳು ನನ್ನ ಮೇಜಿಗೆ ಬಂದವು.

ಲೆಕ್ಕ ಮಾಡಲು ಶುರು ಮಾಡಿದ್ದೆ. ಪಕ್ಕದಲ್ಲಿ ನಿಂತಿದ್ದ ಮೊಮ್ಮಗ ಬಗ್ಗಿ ನೋಡಿ, “ಅಜ್ಜ, ಇದರಾಗ ಆರು ಐತೆ. ನಾನು ಹೊಡೆದಿದ್ದು ಐದು” ಎಂದ.

ಹೌದು. ಆರು ತೂತು. ಪಕ್ಕದ ಹುಡುಗಿಯ ಕಾಗದದಲ್ಲಿ ನಾಲ್ಕೇ ಇದ್ದವು. ಅವಳು ತುಟಿ ಬಿಗಿದು ನಿಂತಿದ್ದಳು, ಕಣ್ಣು ತುಂಬಿತ್ತು. ಆರರಲ್ಲಿ ಯಾವುದು ಅವಳದು ಎಂದು ಯಾರಿಗೂ ಹೇಳಲಾಗಲಿಲ್ಲ. ಒಂದಂತೂ ನಡುವಿಗೆ ಬಹಳ ಹತ್ತಿರ ಇತ್ತು.

“ಇಬ್ಬರಿಗೂ ಹೊಸ ಕಾಗದ ಕೊಡಿ” ಎಂದ ಗೆಳೆಯ. “ಇನ್ನೊಂದು ಸಲ ಹೊಡೆಯಲಿ. ಈ ಸಲ ಕಾಗದದ ಮೇಲೆ ದೊಡ್ಡದಾಗಿ ನಂಬರ್ ಬರೆಯಿರಿ. ನಾವು ಬರೆಯದೇ ಇದ್ದದ್ದಕ್ಕೆ ನೋಡಿ, ಐವತ್ತು ವರ್ಷ ಹಿಡಿಯಿತು.”

ಎರಡನೇ ಸಲ ಹುಡುಗಿಗೆ ಎರಡನೇ ಬಹುಮಾನ ಬಂತು. ನನ್ನ ಮೊಮ್ಮಗ ಕೆಳಗಿನಿಂದ ಮೂರನೆಯವನು. ಅವನ ಅಜ್ಜನ ರಕ್ತ, ಏನು ಮಾಡುವುದು! ಬೇಸರವಾಯಿತೇ ಎಂದು ಕೇಳಿದೆ. “ಸ್ವಲ್ಪ” ಎಂದ. ಆಮೇಲೆ ಆ ಹುಡುಗಿ ತನ್ನ ಬಹುಮಾನದ ಚಾಕಲೇಟು ಪೊಟ್ಟಣ ಒಡೆದು ಅರ್ಧ ಕೊಟ್ಟಳು. ಸಂಜೆಯವರೆಗೆ ಇಬ್ಬರೂ ಗದ್ದೆಯ ಬದುವಿನ ಮೇಲೆ ಏಡಿ ಹುಡುಕುತ್ತಿದ್ದರು.

ಗುಂಡು ತಗಲಿದ ಕಾಯಿಗಳನ್ನು ಯಾರೂ ತಿನ್ನಲಿಲ್ಲ, ಸೀಸ ಇರುತ್ತದಲ್ಲ. ಬೇರೆ ಕಾಯಿ ಒಡೆದು ಎಲ್ಲರಿಗೂ ಬೆಲ್ಲದ ಜೊತೆ ಹಂಚಿದರು. ಗೆದ್ದವರಿಗೆ ಎಷ್ಟೋ ಸೋತವರಿಗೂ ಅಷ್ಟೇ.

ಮರುದಿನ ಹೊರಡುವಾಗ ಗೆಳೆಯ ಆ ಲೆಕ್ಕದ ಪುಸ್ತಕದ ಹಾಳೆಯನ್ನು ಮಡಿಸಿ ನನ್ನ ಜೇಬಿಗೆ ಹಾಕಿದ. ನಾನು ಕೊಟ್ಟ ಬಲೆಯ ಗುಂಡನ್ನು ಮುತ್ತಜ್ಜನ ಅಚ್ಚಿನ ಪಕ್ಕ ಪೆಟ್ಟಿಗೆಯಲ್ಲಿ ಇಟ್ಟಿದ್ದ. “ಪುತ್ತರಿ ಮುಗಿಸಿಕೊಂಡು ನಿಮ್ಮೂರಿಗೆ ಬರುತ್ತೇನೆ. ಸೂಳೆಕೆರೆಯಲ್ಲಿ ಬೀಸುಬಲೆ ಬೀಸಲು ಕಲಿಸು” ಎಂದ. ನನಗೇ ಬರುವುದಿಲ್ಲ ಎಂದು ಒಪ್ಪಿಕೊಂಡೆ. ಈ ಸಲ ತಡ ಮಾಡಲಿಲ್ಲ.

ಊರಿಗೆ ಬಂದು ಚಾಚಾನ ಮಗನಿಗೆ ಹೇಳಿದೆ. ಅವನು ಬಲೆ ಹೊಲಿಯುತ್ತಲೇ ನಕ್ಕು, “ಬರಲಿ ಮೇಷ್ಟ್ರೇ, ನಾನು ಕಲಿಸ್ತೀನಿ. ಆದ್ರೆ ಯಾರು ಎಷ್ಟು ಮೀನು ಹಿಡಿದ್ರು ಅಂತ ಲೆಕ್ಕ ಬರಿಯೋರು ಯಾರು?” ಎಂದ.

ಮೊಮ್ಮಗ ಒಳಗೆ ಓಡಿ ಹೋಗಿ ಹೊಸ ನೋಟ್ ಪುಸ್ತಕ ತಂದ. ಮೊದಲ ಪುಟದಲ್ಲಿ ಈಗಾಗಲೇ ಎರಡು ಹೆಸರು ಬರೆದಾಗಿದೆ, ಗೆಳೆಯನದು ಮತ್ತು ನನ್ನದು. ಮುಂದಿನ ಜಾಗ ಖಾಲಿ ಬಿಟ್ಟಿದ್ದಾನೆ.